ಭೀಮ ಬಾರದ ಏಕಚಕ್ರ: ಹರೆಯದವರ ಡಿಸ್ಟೋಪಿಯ ಕಾದಂಬರಿಗಳೂ ಕನ್ನಡ ಕಥನ ಪರಂಪರೆಯೂ

ಸಾಹಿತ್ಯದ ಅಧ್ಯಾಪಕನ ಓದು ವಯಸ್ಸಾದಂತೆ ಪಠ್ಯಕ್ರಮದ ಸುತ್ತಲೇ ತಿರುಗತೊಡಗುತ್ತದೆ ಎಂಬುದು ನನ್ನ ಮಟ್ಟಿಗಂತೂ ನಿಜವಾದ ಮಾತು. ಪಂಪ, ಜನ್ನ, ಕುಮಾರವ್ಯಾಸರನ್ನು ವರ್ಷಗಟ್ಟಲೆ ಪಾಠ ಹೇಳಿದ ಮೇಲೆ, ಹದಿನೈದು ವರ್ಷದ ಹುಡುಗಿಯೊಬ್ಬಳು ಓದುವ ಇಂಗ್ಲಿಷ್ ಕಾದಂಬರಿಗಳನ್ನು ಕೈಗೆತ್ತಿಕೊಳ್ಳುವ ಪ್ರಸಂಗ ಬಂದೀತೆಂದು ನಾನು ಎಣಿಸಿರಲಿಲ್ಲ. ಬೇಸಗೆಯ ರಜೆಯಲ್ಲಿ ಅಹಮದಾಬಾದಿನ ನರೋಡಾದಲ್ಲಿರುವ ತಂಗಿಯ ಮನೆಯಲ್ಲಿ ಕೆಲವು ವಾರ ತಂಗಿದ್ದಾಗ ಆ ಪ್ರಸಂಗ ಒದಗಿತು. ಭಾವನವರಿಗೆ ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಕೆಲಸ. ಸೊಸೆ ಮನೆಯಲ್ಲಿ ಕನ್ನಡ, ಗೆಳತಿಯರೊಡನೆ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್ ಆಡುವವಳು. ಕನ್ನಡವನ್ನು ಅಕ್ಷರ ಕೂಡಿಸಿ ಓದಬಲ್ಲಳಷ್ಟೆ. ಅವಳ ಕಪಾಟಿನಲ್ಲಿದ್ದ ಪುಸ್ತಕಗಳನ್ನು ಸೆಕೆಯ ಮಧ್ಯಾಹ್ನಗಳಲ್ಲಿ ಒಂದೊಂದಾಗಿ ಓದಿದೆ. ಮೊದಲು ಅಸಡ್ಡೆಯಿಂದ, ಬಳಿಕ ಕುತೂಹಲದಿಂದ, ಕೊನೆಗೆ ತುಸು ನಾಚಿಕೆಯಿಂದ. ನಾಚಿಕೆಗೆ ಕಾರಣ ಅವಳ ಒಂದು ಪ್ರಶ್ನೆ: “ಮಾವ, ಇಂಥ ಕತೆ ಕನ್ನಡದಲ್ಲಿ ಇಲ್ವಾ?” ನಾನು ಯೋಚಿಸದೆ “ಇಲ್ಲ” ಎಂದುಬಿಟ್ಟೆ. ಆ ಉತ್ತರವನ್ನು ತಿದ್ದಿಕೊಳ್ಳುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಪ್ರಕಾರದ ಸ್ವರೂಪವನ್ನು ಸಂಕ್ಷೇಪವಾಗಿ ಗಮನಿಸಬಹುದು. ಥಾಮಸ್ ಮೋರ್ 1516ರಲ್ಲಿ ‘ಯುಟೋಪಿಯ’ ಎಂಬ ಹೆಸರಿನಲ್ಲಿ ಒಂದು ಕಲ್ಪಿತ ದ್ವೀಪರಾಜ್ಯವನ್ನು ಚಿತ್ರಿಸಿದನು. ಅದಕ್ಕೆ ಪ್ರತಿಯಾಗಿ ಕೆಟ್ಟ ನಾಡನ್ನು ಸೂಚಿಸುವ ಮಾತನ್ನು ಜಾನ್ ಸ್ಟುವರ್ಟ್ ಮಿಲ್ 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಬಳಸಿದನು. ಇಪ್ಪತ್ತನೆಯ ಶತಮಾನದಲ್ಲಿ ಜಾಮ್ಯಾಟಿನ್, ಹಕ್ಸ್‌ಲಿ, ಆರ್ವೆಲ್ ಮೊದಲಾದವರಿಂದ ಡಿಸ್ಟೋಪಿಯ ಒಂದು ಗಂಭೀರ ಸಾಹಿತ್ಯ ಪ್ರಕಾರವಾಗಿ ಬೆಳೆಯಿತು. ಕೇವಲ ಕೇಡು ತುಂಬಿದ ಲೋಕವೆಲ್ಲ ಡಿಸ್ಟೋಪಿಯವಾಗುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಕೇಡು ಒಂದು ವ್ಯವಸ್ಥೆಯಾಗಿ, ಅದಕ್ಕೊಂದು ನಿಯಮಾವಳಿ ಹುಟ್ಟಿ, ಜನರು ಅದನ್ನು ಸಹಜವೆಂದು ಒಪ್ಪಿ ಬಾಳತೊಡಗಿದಾಗ ಮಾತ್ರ ಅದು ಡಿಸ್ಟೋಪಿಯ. ಹರೆಯದವರಿಗಾಗಿ ಬರೆದ ಕೃತಿಗಳಲ್ಲಿ ಇನ್ನೊಂದು ಅಂಶ ಸೇರುತ್ತದೆ. ಆ ವ್ಯವಸ್ಥೆಯ ಬೆಲೆಯನ್ನು ತೆರುವವರೂ ಅದನ್ನು ಮೊದಲು ಪ್ರಶ್ನಿಸುವವರೂ ಮಕ್ಕಳೇ ಆಗಿರುತ್ತಾರೆ.

ಸೂಸನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಇದಕ್ಕೆ ಪ್ರಸಿದ್ಧ ನಿದರ್ಶನ. ಪ್ಯಾನೆಮ್ ಎಂಬ ರಾಷ್ಟ್ರದಲ್ಲಿ ಕ್ಯಾಪಿಟಲ್ ಎಂಬ ರಾಜಧಾನಿ ಹನ್ನೆರಡು ಜಿಲ್ಲೆಗಳನ್ನು ಆಳುತ್ತದೆ. ಹಿಂದೊಮ್ಮೆ ಎದ್ದ ದಂಗೆಗೆ ದಂಡನೆಯಾಗಿ ಪ್ರತಿವರ್ಷ ಪ್ರತಿಯೊಂದು ಜಿಲ್ಲೆಯೂ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಒಪ್ಪಿಸಬೇಕು. ಈ 24 ಮಂದಿ ಒಬ್ಬರೇ ಉಳಿಯುವವರೆಗೆ ಪರಸ್ಪರ ಕೊಂದುಕೊಳ್ಳಬೇಕು. ಅದನ್ನು ಇಡೀ ದೇಶ ದೂರದರ್ಶನದಲ್ಲಿ ನೋಡಬೇಕು. ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ರಕ್ತಪಾತವಲ್ಲ, ಒಂದು ಸಣ್ಣ ನಿಯಮ. ಹಸಿದ ಮನೆಯ ಮಕ್ಕಳು ತಮ್ಮ ಹೆಸರಿನ ಚೀಟಿಗಳನ್ನು ಹೆಚ್ಚಿಸಿಕೊಂಡು ಅದಕ್ಕೆ ಬದಲಾಗಿ ಧಾನ್ಯ ಮತ್ತು ಎಣ್ಣೆಯನ್ನು ಪಡೆಯಬಹುದು. ಚೀಟಿ ಎಲ್ಲರಿಗೂ ಸಮಾನವೆಂದು ತೋರುತ್ತದೆ. ಆದರೆ ಬಡವನ ಚೀಟಿಗಳೇ ಹೆಚ್ಚು. ಅನ್ಯಾಯವು ನ್ಯಾಯದ ವೇಷದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹದಿಮೂರು ವರ್ಷದ ಓದುಗನಿಗೂ ತಿಳಿಯುವಂತೆ ಹೇಳುವುದು ಸಾಮಾನ್ಯ ಸಾಧನೆಯಲ್ಲ. ಹದಿನಾರರ ಕ್ಯಾಟ್ನಿಸ್ ಹನ್ನೆರಡರ ತಂಗಿಯ ಹೆಸರು ಬಂದಾಗ ಅವಳ ಬದಲಿಗೆ ತಾನು ಹೋಗುತ್ತಾಳೆ. ಕತೆ ಅಲ್ಲಿಂದ ಆರಂಭವಾಗುತ್ತದೆ.

ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಮಿನೊಟಾರನಿಗೆ ಕಪ್ಪವಾಗಿ ಕಳುಹಿಸುತ್ತಿದ್ದ ಗ್ರೀಕ್ ಕತೆ ತಮಗೆ ಪ್ರೇರಣೆಯೆಂದು ಲೇಖಕಿ ಹೇಳಿಕೊಂಡಿದ್ದಾರೆ. ಕನ್ನಡದ ವಿದ್ಯಾರ್ಥಿಗಾದರೋ ಗ್ರೀಸಿನವರೆಗೆ ಹೋಗುವ ಅಗತ್ಯವಿಲ್ಲ. ಏಕಚಕ್ರಪುರ ನಮಗೆ ಬಾಲ್ಯದಿಂದಲೂ ಪರಿಚಿತ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿಯೂ (941) ಕುಮಾರವ್ಯಾಸನ ಭಾರತದಲ್ಲಿಯೂ ಬರುವ ಬಕವಧೆಯ ಪ್ರಸಂಗ ಯಕ್ಷಗಾನ, ಹರಿಕಥೆಗಳ ಮೂಲಕ ಓದು ಬಾರದವರಿಗೂ ತಲುಪಿದೆ. ಆದರೆ ನಮ್ಮ ನೆನಪಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಬಂಡಿಯ ಅನ್ನವನ್ನು ಉಣ್ಣುವ ಭೀಮನ ವಿನೋದ. ವ್ಯಾಸಭಾರತದ ಆದಿಪರ್ವವನ್ನು ಮತ್ತೊಮ್ಮೆ ತೆರೆದು ನೋಡಿದರೆ ಆ ವಿನೋದದ ಹಿಂದೆ ಒಂದು ಪರಿಪೂರ್ಣ ಡಿಸ್ಟೋಪಿಯ ಇರುವುದು ಗೋಚರಿಸುತ್ತದೆ.

ಅಲ್ಲಿಯ ಬಕನು ಕೇವಲ ಕಾಡಿನ ರಕ್ಕಸನಲ್ಲ, ನಾಡಿನ ಕಾವಲುಗಾರ. ಅವನಿರುವುದರಿಂದ ತಮಗೆ ಪರಶತ್ರುಗಳ ಭಯವಿಲ್ಲವೆಂದು ಆತಿಥೇಯ ಬ್ರಾಹ್ಮಣನೇ ಕುಂತಿಗೆ ಹೇಳುತ್ತಾನೆ. ಆ ರಕ್ಷಣೆಗೆ ಸಲ್ಲಿಸಬೇಕಾದ ಸಂಬಳ ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಸರದಿ ಬಹುವರ್ಷಗಳಿಗೊಮ್ಮೆ ಒಂದು ಮನೆಗೆ ಬರುತ್ತದೆ. ತಪ್ಪಿಸಿಕೊಳ್ಳಲು ಯತ್ನಿಸಿದವನು ಹೆಂಡಿರು ಮಕ್ಕಳೊಂದಿಗೆ ನಾಶವಾಗುತ್ತಾನೆ. ದೇಶಕ್ಕೆ ರಾಜನಿದ್ದಾನೆ, ಆದರೆ ಅವನು ದುರ್ಬಲ, ಉಪಾಯವನ್ನು ಯೋಚಿಸದವನು. ಊರನ್ನು ಬಿಟ್ಟು ಹೋಗೋಣವೆಂದು ಹಿಂದೆ ಗಂಡ ಹೇಳಿದಾಗ ಹುಟ್ಟಿ ಬೆಳೆದ ಊರೆಂದು ಹೆಂಡತಿ ಒಪ್ಪಿರಲಿಲ್ಲ. ಭಯ, ಭದ್ರತೆ, ಸರದಿಯ ಸಮಾನತೆ, ನಿಷ್ಕ್ರಿಯ ಪ್ರಭುತ್ವ, ಊರಿನ ಮೋಹ, ಇವೆಲ್ಲ ಸೇರಿ ಮನುಷ್ಯರನ್ನು ಬಲಿಗೆ ಒಗ್ಗಿಸುವ ಪರಿ ಇದಕ್ಕಿಂತ ಸ್ಪಷ್ಟವಾಗಿ ಇರಲಾರದು. ಈಗ ಸರದಿ ಬಂದಿದೆ. ತಂದೆ ತಾನು ಹೋಗುವೆನೆನ್ನುತ್ತಾನೆ, ತಾಯಿ ತಾನೆನ್ನುತ್ತಾಳೆ, ಮಗಳು ತಾನೆನ್ನುತ್ತಾಳೆ. ಕೊನೆಯಲ್ಲಿ ತೊದಲು ಮಾತಿನ ಮಗುವೊಂದು ಕೈಯಲ್ಲಿ ಹುಲ್ಲುಕಡ್ಡಿ ಹಿಡಿದು, ಆ ರಕ್ಕಸನನ್ನು ಇದರಿಂದಲೇ ಕೊಲ್ಲುವೆನೆಂದು ಎಲ್ಲರನ್ನೂ ಸಂತೈಸುತ್ತದೆ. ಅಳುತ್ತಿದ್ದ ಹಿರಿಯರಿಗೆ ಆ ಕ್ಷಣ ಸಂತೋಷವಾಗುತ್ತದೆ.

ಈ ಕತೆಯನ್ನು ಸೊಸೆಗೆ ಹೇಳಿದಾಗ ಅವಳು ಭೀಮನ ಬಗೆಗೆ ಏನನ್ನೂ ಕೇಳಲಿಲ್ಲ. “ಆ ಊರಿನವರು ಅಷ್ಟು ವರ್ಷ ಯಾಕೆ ಸುಮ್ನಿದ್ರು?” ಎಂದು ಕೇಳಿದಳು. ತರಗತಿಯಲ್ಲಿ ನಾನಾಗಲಿ ನನ್ನ ವಿದ್ಯಾರ್ಥಿಗಳಾಗಲಿ ಈ ಪ್ರಶ್ನೆಯನ್ನು ಎತ್ತಿದ ನೆನಪಿಲ್ಲ. ಭಾರತದ ಏಕಚಕ್ರಕ್ಕೆ ಹೊರಗಿನಿಂದ ಭೀಮ ಬರುತ್ತಾನೆ. ಕೊಂದವನು ಯಾರೆಂಬುದು ಊರಿಗೆ ತಿಳಿಯುವುದೂ ಇಲ್ಲ; ಮಂತ್ರಸಿದ್ಧನಾದ ಯಾರೋ ಒಬ್ಬ ಬ್ರಾಹ್ಮಣನ ಕೆಲಸವೆಂದು ನಂಬಿ ಜನ ಉತ್ಸವ ಮಾಡುತ್ತಾರೆ. ಅಂದರೆ ಊರು ಉಳಿಯಿತೇ ಹೊರತು ಊರು ಕಲಿಯಲಿಲ್ಲ. ಆಧುನಿಕ ಕಾದಂಬರಿಯಾದರೋ ಭೀಮ ಬಾರದ ಏಕಚಕ್ರ. ಅಲ್ಲಿ ಹುಲ್ಲುಕಡ್ಡಿಯ ಮಗುವೇ ಬೆಳೆದು ಬಂಡಿ ಹೊಡೆದುಕೊಂಡು ಹೋಗಬೇಕು. ಅಷ್ಟೇ ಅಲ್ಲ, ರಕ್ಕಸ ಸತ್ತ ಮೇಲೆ ಏನೆಂಬ ಪ್ರಶ್ನೆಯನ್ನೂ ಅದು ಬಿಡುವುದಿಲ್ಲ. ಮಾಲೆಯ ಮೂರನೆಯ ಕೃತಿ ‘ಮಾಕಿಂಗ್‌ಜೇ’ಯಲ್ಲಿ (2010) ಗೆದ್ದ ಪಕ್ಷದ ನಾಯಕಿಯೇ ಸೋತವರ ಮಕ್ಕಳನ್ನು ಅದೇ ಕಣಕ್ಕೆ ಇಳಿಸಲು ಸೂಚಿಸುತ್ತಾಳೆ. ಕ್ಯಾಟ್ನಿಸಳ ಕೊನೆಯ ಬಾಣ ಹಳೆಯ ದೊರೆಗೆ ಅಲ್ಲ, ಆ ಹೊಸ ನಾಯಕಿಗೆ ತಗಲುತ್ತದೆ.

ಎರಡನೆಯ ಕೃತಿ ಲೋಯಿಸ್ ಲೌರಿ ಅವರ ‘ದಿ ಗಿವರ್’ (1993). ಇಲ್ಲಿ ಹಸಿವಿಲ್ಲ, ಯುದ್ಧವಿಲ್ಲ, ಬಣ್ಣಗಳೂ ಇಲ್ಲ. ಸಮಾಜ ತನ್ನ ಗತಕಾಲದ ನೆನಪುಗಳನ್ನೆಲ್ಲ ಒಬ್ಬ ವೃದ್ಧನ ತಲೆಗೆ ಹೊರಿಸಿ ತಾನು ನಿಶ್ಚಿಂತವಾಗಿದೆ. ಹನ್ನೆರಡು ವರ್ಷದ ಜೋನಸ್ ಆ ನೆನಪುಗಳ ಉತ್ತರಾಧಿಕಾರಿಯಾಗಿ ಆಯ್ಕೆಯಾಗುತ್ತಾನೆ. ನೆನಪು ಬಂದ ಮೇಲೆ ಅವನಿಗೆ ಕಣ್ಣು ಬರುತ್ತದೆ. ‘ಬಿಡುಗಡೆ’ ಎಂಬ ಸೌಮ್ಯವಾದ ಮಾತಿನ ಅರ್ಥ ಕೊಲೆ ಎಂಬುದೂ, ತನ್ನ ವಾತ್ಸಲ್ಯಮಯಿ ತಂದೆಯೇ ಶಿಶುವಿಗೆ ಸೂಜಿ ಚುಚ್ಚುವವನೆಂಬುದೂ ಗೊತ್ತಾಗುತ್ತದೆ. ಹಿಂಸೆಗೆ ಮೊದಲ ಆಸರೆ ಮರೆವು ಎಂಬುದು ಈ ಕೃತಿಯ ದರ್ಶನ.

ಇದನ್ನು ಓದಿ ಮುಗಿಸಿದ ದಿನವೇ ನನಗೆ ಜನ್ನನ ‘ಯಶೋಧರ ಚರಿತೆ’ (1209) ನೆನಪಾಯಿತು. ಪ್ರಾಕೃತದಲ್ಲಿ ಹರಿಭದ್ರ, ಮಾನ್ಯಖೇಟದಲ್ಲಿದ್ದು ಅಪಭ್ರಂಶದಲ್ಲಿ ಬರೆದ ಪುಷ್ಪದಂತ, ಸಂಸ್ಕೃತದಲ್ಲಿ ಸೋಮದೇವ ಮತ್ತು ವಾದಿರಾಜರು ಹೇಳಿದ್ದ ಕತೆಯದು. ನಾವು ಅದನ್ನು ಅಮೃತಮತಿ ಮತ್ತು ಅಷ್ಟಾವಂಕರ ಕತೆಯಾಗಿ, ಹಿಟ್ಟಿನ ಕೋಳಿಯ ಸಂಕಲ್ಪ ಹಿಂಸೆಯ ಕತೆಯಾಗಿ ಪಾಠ ಹೇಳುತ್ತೇವೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ವೂ ಆ ಭಾಗವನ್ನೇ ಆಯ್ದುಕೊಂಡಿತು. ಆದರೆ ಕಾವ್ಯದ ಚೌಕಟ್ಟು ಯಾವುದು? ಮಾರಿದತ್ತನೆಂಬ ಅರಸನ ಊರಿನಲ್ಲಿ ಚಂಡಮಾರಿಯ ಜಾತ್ರೆ. ಜೀವಿಗಳ ಜೋಡಿ ಜೋಡಿ ಬಲಿ. ಅದರ ತುದಿಗೆ ಒಂದು ಮನುಷ್ಯ ಜೋಡಿ. ತಳವಾರ ಚಂಡಕರ್ಮ ಹಿಡಿದು ತರುವುದು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣ ತಂಗಿಯರನ್ನು. ಎತ್ತಿದ ಕತ್ತಿಯ ಕೆಳಗೆ ಅವರು ಅಂಜದೆ ನಿಲ್ಲುತ್ತಾರೆ. ಅವರ ಬಳಿ ಇರುವ ಆಯುಧ ಒಂದೇ, ಜಾತಿಸ್ಮರಣೆ. ತಾವು ಹಿಂದೆ ಕೊಂದದ್ದನ್ನೂ, ಬಳಿಕ ನವಿಲು, ನಾಯಿ, ಮೀನು, ಆಡು, ಕೋಳಿಗಳಾಗಿ ಮತ್ತೆ ಮತ್ತೆ ಕೊಲ್ಲಿಸಿಕೊಂಡದ್ದನ್ನೂ ಅವರು ಬಲ್ಲರು. ಅದನ್ನು ಅಭಯರುಚಿ ಹೇಳುತ್ತಾನೆ, ಅರಸ ಕೇಳುತ್ತಾನೆ, ಬಲಿ ನಿಲ್ಲುತ್ತದೆ. ಇಡೀ ಕಾವ್ಯ ಕತ್ತಿಗೂ ಕೊರಳಿಗೂ ನಡುವಿನ ಅವಧಿಯಲ್ಲಿ ಹರೆಯದ ಹುಡುಗನೊಬ್ಬ ಹೇಳಿದ ಕತೆ. ಎಂಟು ನೂರು ವರ್ಷಗಳ ಹಿಂದಿನ ಈ ಕನ್ನಡ ಕೃತಿಯಲ್ಲಿ ಹಿರಿಯರ ವ್ಯವಸ್ಥೆ ಮರೆತದ್ದನ್ನು ಕಿರಿಯರು ನೆನಪಿಸುತ್ತಾರೆ. “ಇಲ್ಲ” ಎಂದ ನನ್ನ ಉತ್ತರ ತಪ್ಪಾಗಿತ್ತು.

ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದೆಂಬ ಎಚ್ಚರವೂ ಅಗತ್ಯ. ಜನ್ನನ ಉದ್ದೇಶ ಧರ್ಮಬೋಧೆ, ರಾಜಕೀಯ ವಿಮರ್ಶೆಯಲ್ಲ. ಅಲ್ಲಿ ಬದಲಾಗುವುದು ಅರಸನ ಮನಸ್ಸು. ಅರಸೊತ್ತಿಗೆ ಹಾಗೆಯೇ ಉಳಿಯುತ್ತದೆ. ಅತ್ತ ಇಂಗ್ಲಿಷಿನ ಈ ಕಾದಂಬರಿಗಳೆಲ್ಲವೂ ಸಮಾನ ಯೋಗ್ಯತೆಯವೂ ಅಲ್ಲ. ವೆರೊನಿಕಾ ರಾತ್ ಅವರ ‘ಡೈವರ್ಜೆಂಟ್’ (2011) ಮನುಷ್ಯರನ್ನು ಒಂದೊಂದು ಗುಣದ ಐದು ಬಣಗಳಾಗಿ ವಿಂಗಡಿಸುವ ಕಲ್ಪನೆ ಮೊದಲಿಗೆ ಆಕರ್ಷಕವೆನಿಸಿದರೂ ಕತೆ ಬೆಳೆದಂತೆ ತೆಳುವಾಗುತ್ತದೆ. ಗೆದ್ದ ಪುಸ್ತಕದ ಅಚ್ಚಿನಲ್ಲಿ ಹತ್ತು ಪುಸ್ತಕಗಳನ್ನು ಎರಕ ಹೊಯ್ಯುವ ಮಾರುಕಟ್ಟೆಯ ಕೈವಾಡವೂ ಇಲ್ಲಿದೆ. ಆದರೂ ಒಳ್ಳೆಯ ಕೃತಿಗಳ ಬಲವನ್ನು ಅಲ್ಲಗಳೆಯಲಾಗದು.

ಈ ಬಲವೇನೆಂಬುದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ, ಸ್ಥಳದಿಂದ. ತಂಗಿಯ ಮನೆಯಿಂದ ಪೇಟೆಗೆ ಹೋಗುವಾಗ ರಿಕ್ಷಾ ನರೋಡಾ ಪಾಟಿಯಾದ ಮೂಲಕ ಸಾಗುತ್ತಿತ್ತು. 2002ರ ಫೆಬ್ರವರಿ 28ರಂದು ಅಲ್ಲಿ 97 ಮಂದಿಯನ್ನು ಕೊಲ್ಲಲಾಯಿತು. ಅವರಲ್ಲಿ ಮಕ್ಕಳೂ ಇದ್ದರು. ನನ್ನ ಸೊಸೆ ಆ ವರ್ಷದ ಎಷ್ಟೋ ಕಾಲದ ಮೇಲೆ ಹುಟ್ಟಿದವಳು. ಒಂದು ದಿನ ಅವಳೇ ಆ ಮಾತನ್ನು ತೆಗೆದಳು, ತಾನು ಓದಿದ ಕಾದಂಬರಿಯ ಮೂಲಕವೇ ತೆಗೆದಳು. ಪ್ಯಾನೆಮ್ ಎಲ್ಲಿಯೋ ದೂರದಲ್ಲಿರುವುದರಿಂದ ಅಲ್ಲಿ ನಿಂತು ಹತ್ತಿರದ್ದನ್ನು ನೋಡಲು, ಕೇಳಲು ಅವಳಿಗೆ ಸಾಧ್ಯವಾಗಿತ್ತು. ಕಟ್ಟುಕತೆಯ ದೂರ ಪಲಾಯನಕ್ಕಲ್ಲ, ದೃಷ್ಟಿಗೆ. ನಮ್ಮ ಪುರಾಣಗಳು ಮಾಡಿದ ಕೆಲಸವೂ ಇದೇ ಅಲ್ಲವೇ?

ಹಾಗಿದ್ದರೆ ಹೊಸಗನ್ನಡದಲ್ಲಿ ಈ ವಯಸ್ಸಿನವರಿಗೆ ಏನಿದೆ? ಶಿಶುಗೀತೆ, ಮಕ್ಕಳ ಕತೆ, ನಾಟಕಗಳ ಸಮೃದ್ಧ ಪರಂಪರೆ ನಮಗಿದೆ. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕತೆಗಳನ್ನು ಬರೆದರು, ಎಸ್.ಎಲ್. ಭೈರಪ್ಪನವರ ‘ಯಾನ’ (2014) ಅಂತರಿಕ್ಷಕ್ಕೆ ಹೋಯಿತು, ಆದರೆ ಅದು ವಯಸ್ಕರ ಕಾದಂಬರಿ. ಹನ್ನೆರಡರಿಂದ ಹದಿನೆಂಟರವರೆಗಿನ ಓದುಗರು ಮಕ್ಕಳ ಸಾಹಿತ್ಯಕ್ಕೂ ಪ್ರೌಢ ಕಾದಂಬರಿಗೂ ನಡುವಿನ ಬಯಲಿನಲ್ಲಿ ನಿಂತಿದ್ದಾರೆ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಂದಿತು. ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡ ಲೇಖಕರು ಅವರು. ನಾಡಿನ ಬೆಳಕಿಗಾಗಿ ಕೆಲವು ಊರುಗಳು ನೀರಿನಡಿಗೆ ಹೋಗಬೇಕೆಂಬ ಲೆಕ್ಕಾಚಾರ ಏಕಚಕ್ರದ ಸರದಿಗಿಂತ ತೀರ ಬೇರೆಯಲ್ಲ. ನಮ್ಮ ಲೇಖಕರಿಗೆ ವಸ್ತುವಿನ ಕೊರತೆಯಿಲ್ಲ ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ವಿಭಾಗಗಳಲ್ಲಿ ಪಾಠ ಹೇಳುವ ನಾವು ಕಾದಂಬರಿಗಳನ್ನು ಬರೆಯಲಾರೆವು. ಆದರೆ ಮಾಡಬಹುದಾದ ಕೆಲಸ ಒಂದಿದೆ. ‘ಯಶೋಧರ ಚರಿತೆ’ಯನ್ನು ಅಭಯರುಚಿಯ ಬಾಯಿಂದ, ಬಕವಧೆಯನ್ನು ಊರಿನವರ ಮೌನದಿಂದ ಆರಂಭಿಸಿ ಪಾಠ ಹೇಳಬಹುದು, ಅವುಗಳ ಸರಳ ಗದ್ಯ ರೂಪಗಳನ್ನು ಹೊರನಾಡಿನ ಮಕ್ಕಳ ಕೈಗೂ ತಲುಪುವಂತೆ ಸಿದ್ಧಪಡಿಸಬಹುದು. ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡೇ ಕೀರ್ತಿನಾಥ ಕುರ್ತಕೋಟಿಯವರು ಕನ್ನಡ ವಿಮರ್ಶೆಯನ್ನು ಬೆಳೆಸಿದರು. ಕನ್ನಡದ ಯೋಚನೆಗೆ ದೂರ ಅಡ್ಡಿಯಲ್ಲ.

ಊರಿಗೆ ಹಿಂದಿರುಗಿದ ಮೇಲೆ ಏಕಚಕ್ರದ ಕತೆಯನ್ನು ಸಣ್ಣ ವಾಕ್ಯಗಳಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದು ಸೊಸೆಗೆ ಕಳುಹಿಸಿದೆ. ಅವಳು ಅಕ್ಷರ ಕೂಡಿಸಿ ಓದಿ ಫೋನಿನಲ್ಲಿ ಕೇಳಿದ್ದು ಇಷ್ಟೆ: ಹುಲ್ಲುಕಡ್ಡಿ ಹಿಡಿದ ಆ ಮಗು ದೊಡ್ಡವನಾದ ಮೇಲೆ ಏನಾಯಿತು? ಮಹಾಭಾರತ ಅದನ್ನು ಹೇಳುವುದಿಲ್ಲ. ಅದನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕಾಗಿದೆ.