ನಾಯಿಬೇಟೆಯೂ ನೆರೆಯವರ ನೆಮ್ಮದಿಯೂ



ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವೊಂದನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಕ್ರಿಸ್ತಶಕ 949-50ರ ಕಾಲದ ಆ ಕಲ್ಲಿನ ಮೇಲೆ ಒಂದು ನಾಯಿಯೂ ಒಂದು ಹಂದಿಯೂ ಹೋರಾಡುತ್ತಿರುವ ಚಿತ್ರವಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆಯರನೆಂಬ ವೀರನು, ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಕಾದಿ, ಎರಡೂ ಒಟ್ಟಿಗೆ ಮಡಿದುವು. ನಾಯಿಯ ನೆನಪಿಗೆ ಕಲ್ಲು ನಿಂತಿತು; ಭೂಮಿಯ ದತ್ತಿಯೂ ನಡೆಯಿತು. ಬೇಟೆಗಾರನಿಗೂ ಅವನ ನಾಯಿಗೂ ಇರುವ ನಂಟನ್ನು ಅರಿಯಲು ಕನ್ನಡಿಗರು ದೂರ ಹೋಗಬೇಕಾದುದಿಲ್ಲ.

ಆದರೆ ನಾನು ಈಗ ಅರಿಕೆ ಮಾಡಬೇಕೆಂದಿರುವ ವಿಷಯವು ದೂರದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದ ಮೇಲೆ ಬೇಟೆಯ ಆಟಕ್ಕೆ ಎಡೆಯಿಲ್ಲವಾಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಾದರೋ, ಅದರಲ್ಲಿಯೂ ದಕ್ಷಿಣದ ಕೆಲವು ಪ್ರಾಂತಗಳಲ್ಲಿ, ನಾಯಿಗಳನ್ನು ಬಿಟ್ಟು ಜಿಂಕೆಯನ್ನು ಅಟ್ಟಿಸುವ ಪದ್ಧತಿಯು ಇಂದಿಗೂ ನಡೆಯುತ್ತಿದೆ. ಅದರ ಪಕ್ಕದಲ್ಲಿಯೇ, ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಸದ್ದಿಲ್ಲದೆ ಕಾದು ಕುಳಿತು ಹೊಡೆಯುವ ಪದ್ಧತಿಯೂ ಇದೆ. ಒಂದು ಬೇಲಿಯ ಈಚೆ ನಾಯಿಬೇಟೆಗಾರರು, ಆಚೆ ಹೊಂಚುಬೇಟೆಗಾರರು. ಇವರಿಬ್ಬರ ನಡುವಣ ವ್ಯಾಜ್ಯವು ಎಂತಹುದು, ಅದನ್ನು ತೀರಿಸಲು ಏನೇನು ಮಾಡಿದರು ಎಂಬುದೇ ಈ ಹೊತ್ತಿನ ವಿಚಾರ.

ಮೊದಲು ಎರಡು ಪಕ್ಷದವರ ಅಹವಾಲನ್ನೂ ಕೇಳೋಣ. ಹೊಂಚುಬೇಟೆಗಾರನು ಒಂದು ತುಂಡು ಕಾಡನ್ನು ಹಣ ತೆತ್ತು ಗುತ್ತಿಗೆಗೆ ಹಿಡಿದಿರುತ್ತಾನೆ. ನಸುಕಿನಲ್ಲಿಯೇ ಎದ್ದು, ಕೊರೆಯುವ ಚಳಿಯಲ್ಲಿ, ಕೆಮ್ಮು ಬಂದರೂ ನುಂಗಿಕೊಂಡು ಕುಳಿತಿರುತ್ತಾನೆ. ಎರಡು ಗಂಟೆಯ ಕಾಲ ಕಾದ ಮೇಲೆ ಜಿಂಕೆಯೊಂದು ಹೊರಬೀಳುವ ಹೊತ್ತಿಗೆ, ಪಕ್ಕದ ಕಾಡಿನಿಂದ ಹತ್ತು ನಾಯಿಗಳು ಬೊಬ್ಬೆಯಿಡುತ್ತ ಅಟ್ಟಣೆಯ ಕೆಳಗೇ ಹಾದುಹೋಗುತ್ತವೆ. ಅವನ ಆ ದಿನ ಮುಗಿಯಿತು. ಸ್ವಲ್ಪ ಹೊತ್ತಿನಲ್ಲಿ ನಾಯಿಯ ಯಜಮಾನನೂ ಬಂದು, ನಮ್ಮ ನಾಯಿಗಳನ್ನು ಕಂಡಿರಾ ಎಂದು ಕೇಳುತ್ತಾನೆ. ಅದೇ ಮಾತು ಮೂರನೆಯ ಶನಿವಾರವೂ ಕೇಳಿಬಂದರೆ, ಸಾಧುವಾದ ಮನುಷ್ಯನಿಗೂ ಸಿಟ್ಟು ಬಾರದಿರದು.

ನಾಯಿಬೇಟೆಗಾರನ ಮಾತೇ ಬೇರೆ. ಅವನ ತಾತನ ಕಾಲದಲ್ಲಿ ಆ ಸೀಮೆಯಲ್ಲಿ ಬೇಲಿಗಳೇ ವಿರಳವಾಗಿದ್ದುವು. ಹಳ್ಳಿಯ ಹತ್ತು ಮನೆಯವರು ಸೇರಿ ಬೇಟೆಗೆ ಹೊರಟು, ಸಿಕ್ಕಿದ ಮಾಂಸವನ್ನು ಹಂಚಿಕೊಳ್ಳುತ್ತಿದ್ದರು. ಮುದುಕರೂ ಹುಡುಗರೂ ಅದರಲ್ಲಿ ಕೂಡುತ್ತಿದ್ದರು. ಎಷ್ಟೋ ಮಂದಿಗೆ ಹೊಡೆಯುವುದಕ್ಕಿಂತಲೂ ನಾಯಿಗಳ ಕೂಗನ್ನು ಕೇಳುವುದೇ ಸುಖ. ಈಗ ದೊಡ್ಡ ಹಿಡುವಳಿಗಳು ಒಡೆದು ಚೂರಾಗಿವೆ. ಮರಮುಟ್ಟಿನ ಕಂಪೆನಿಗಳು ತಮ್ಮ ಕಾಡನ್ನು ತುಂಡುತುಂಡಾಗಿ ಗುತ್ತಿಗೆಗೆ ಕೊಡುತ್ತವೆ. ಪಟ್ಟಣದಿಂದ ಬಂದವರು ಮನೆ ಕಟ್ಟಿಕೊಂಡಿದ್ದಾರೆ. ನಾಯಿಗೆ ಇದಾವುದೂ ತಿಳಿಯದು. ಮರಕ್ಕೆ ಹೊಡೆದ ನಿಷೇಧದ ಹಲಗೆಯನ್ನು ಅದು ಓದಲಾರದು. ಜಿಂಕೆ ಎತ್ತ ಓಡಿತೋ ಅತ್ತ ಅದರ ದಾರಿ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹಾಕಿದರೆ ಕಷ್ಟವು ಕಣ್ಣಿಗೆ ಕಟ್ಟುವುದು. 250 ಎಕರೆ ಎಂದರೆ ನಮ್ಮ ರೈತನ ಕಿವಿಗೆ ಜಹಗೀರಿಯಂತೆ ಕೇಳುತ್ತದೆ. ಅದು ಚೌಕವಾಗಿದ್ದರೆ ಒಂದೊಂದು ಬದಿಯೂ ಸುಮಾರು ಒಂದು ಕಿಲೋಮೀಟರು ಮಾತ್ರ. ಬಿರುಸಾಗಿ ಓಡುವ ಬೇಟೆನಾಯಿಗೆ ಇದು ಕೆಲವೇ ನಿಮಿಷಗಳ ದೂರ. ಆದುದರಿಂದ ಯಜಮಾನನು ಎಷ್ಟೇ ಸಜ್ಜನನಾಗಿದ್ದರೂ, ಚಿಕ್ಕ ಭೂಮಿಯಲ್ಲಿ ಉದ್ದಕಾಲಿನ ನಾಯಿಯನ್ನು ಬಿಟ್ಟನೆಂದರೆ, ನೆರೆಯವನ ಹದ್ದನ್ನು ಮೀರಿಯೇ ಮೀರುತ್ತಾನೆ.

ಈ ಬಗೆಯ ಜಗಳವು ಹೊಸತೇನೂ ಅಲ್ಲ. 1802ರಲ್ಲಿ ನ್ಯೂಯಾರ್ಕ್ ಪ್ರಾಂತದ ಲಾಂಗ್ ಐಲೆಂಡಿನ ಕಡಲತೀರದ ಪಾಳುನೆಲದಲ್ಲಿ ಪೋಸ್ಟ್ ಎಂಬಾತನು ತನ್ನ ನಾಯಿಗಳೊಡನೆ ನರಿಯೊಂದನ್ನು ಅಟ್ಟಿಸಿಕೊಂಡು ಬರುತ್ತಿದ್ದನು. ಪಿಯರ್ಸನ್ ಎಂಬಾತನು ಅದನ್ನು ನೋಡುತ್ತಿದ್ದರೂ ನಡುವೆ ನುಗ್ಗಿ ನರಿಯನ್ನು ಕೊಂದು ಎತ್ತಿಕೊಂಡು ಹೋದನು. ಒಂದು ನರಿಯ ತೊಗಲಿಗಾಗಿ ಹುಟ್ಟಿದ ವ್ಯಾಜ್ಯವು ಪ್ರಾಂತದ ಮೇಲಣ ನ್ಯಾಯಾಲಯದವರೆಗೂ ಏರಿ, 1805ರಲ್ಲಿ ತೀರ್ಪಾಯಿತು. ಬರಿದೆ ಬೆನ್ನಟ್ಟಿದ ಮಾತ್ರಕ್ಕೆ ಕಾಡುಪ್ರಾಣಿಯ ಮೇಲೆ ಒಡೆತನ ಬಾರದು. ಅದನ್ನು ಕೊಂದಿರಬೇಕು, ಇಲ್ಲವೆ ಸಾಯುವಂತೆ ಗಾಯಗೊಳಿಸಿಯೋ ಬಲೆಗೆ ಕೆಡವಿಯೋ ಅದರ ಸ್ವಾತಂತ್ರ್ಯವನ್ನು ಕಳೆದಿರಬೇಕು ಎಂದು ನ್ಯಾಯಾಧೀಶರಾದ ಟಾಂಪ್‌ಕಿನ್ಸ್ ಬರೆದರು. ಕಂಡವರೆಲ್ಲ, ಅಟ್ಟಿದವರೆಲ್ಲ ನನ್ನದೆಂದರೆ ಜಗಳಕ್ಕೆ ಕೊನೆಯಿಲ್ಲವೆಂಬುದು ಅವರ ಭಯ. ಭಿನ್ನಾಭಿಪ್ರಾಯವನ್ನು ಸೂಚಿಸಿದ ಲಿವಿಂಗ್‌ಸ್ಟನ್ ಎಂಬ ನ್ಯಾಯಾಧೀಶರಾದರೋ, ಹಳೆಯ ಧರ್ಮಗ್ರಂಥಗಳನ್ನು ತಿರುವಿಹಾಕುವ ಶ್ರಮವೇ ಬೇಡವಾಗಿತ್ತು, ಇದನ್ನು ಬೇಟೆಗಾರರ ಪಂಚಾಯಿತಿಗೆ ಒಪ್ಪಿಸಿದ್ದರೆ ಸಾಕಾಗಿತ್ತು ಎಂಬರ್ಥದ ಮಾತನ್ನಾಡಿದರು. ಕಾನೂನು ಕಲಿಯುವ ಅಮೆರಿಕದ ವಿದ್ಯಾರ್ಥಿಗಳು ಇಂದಿಗೂ ಈ ನರಿಯ ಮೊಕದ್ದಮೆಯನ್ನು ಓದುತ್ತಾರೆ. ತೀರ್ಪಿನಲ್ಲಿ ಗೆದ್ದವರು ಟಾಂಪ್‌ಕಿನ್ಸ್. ಆದರೆ ವ್ಯವಹಾರದಲ್ಲಿ ಫಲಿಸಿದುದು ಲಿವಿಂಗ್‌ಸ್ಟನ್ನರ ಸಲಹೆಯೇ ಎಂದು ನನಗೆ ತೋರುತ್ತದೆ.

ಪ್ರಾಂತಗಳು ಹಿಡಿದ ದಾರಿಗಳು ಬೇರೆಬೇರೆ. ಟೆಕ್ಸಾಸ್ 1990ರಲ್ಲಿ ನಾಯಿಗಳಿಂದ ಜಿಂಕೆಯ ಬೇಟೆಯನ್ನೇ ನಿಲ್ಲಿಸಿಬಿಟ್ಟಿತು. ಇದು ಸುಲಭವಾದ ಮಾರ್ಗ. ಒಂದು ಪಕ್ಷವನ್ನೇ ಅಳಿಸಿದ ಮೇಲೆ ವ್ಯಾಜ್ಯವೆಲ್ಲಿಯದು? ಜಾರ್ಜಿಯಾ 2003ರಲ್ಲಿ ಅನುಮತಿಪತ್ರದ ಏರ್ಪಾಡನ್ನು ಮಾಡಿತು. ಸ್ವಂತ ಭೂಮಿಯಾದರೆ ಒತ್ತಾಗಿ 250 ಎಕರೆಯಾದರೂ, ಗುತ್ತಿಗೆಯದಾದರೆ 1000 ಎಕರೆಯಾದರೂ ಇರತಕ್ಕದ್ದು. ಅನುಮತಿಯ ಸಂಖ್ಯೆಯು ನಾಯಿಯ ಮೈಮೇಲೂ ಬೇಟೆಗಾರನ ಮೋಟಾರಿನ ಮೇಲೂ ಕಾಣತಕ್ಕದ್ದು. ಸಂಖ್ಯೆಯ ಈ ನಿಬಂಧನೆಯನ್ನು ನಾನು ಬಹಳ ಮೆಚ್ಚುತ್ತೇನೆ. ಯಾರ ನಾಯಿಯೋ ತಿಳಿಯದೆಂಬುದೇ ಅರ್ಧ ಜಗಳಕ್ಕೆ ಮೂಲ; ಗುರುತು ಇದ್ದ ಕಡೆ ದೂರು ನೇರವಾಗಿ ಯಜಮಾನನಿಗೆ ಮುಟ್ಟುತ್ತದೆ, ಊರಿನ ನಾಯಿಬೇಟೆಗಾರರೆಲ್ಲರ ಮೇಲೆ ಅಪವಾದ ಬೀಳುವುದಿಲ್ಲ. ಎಕರೆಯ ನಿಬಂಧನೆಯಲ್ಲಾದರೋ ಬಡವನಿಗೆ ಪೆಟ್ಟು ಇದೆ. ಅವನು ಹತ್ತು ಮಂದಿಯೊಡನೆ ಸಂಘ ಕಟ್ಟಿಕೊಂಡು ಗುತ್ತಿಗೆ ಹಿಡಿಯಬೇಕು, ಇಲ್ಲವೆ ನಾಯಿಗಳನ್ನು ಮಾರಬೇಕು.

ವರ್ಜೀನಿಯಾ ಪ್ರಾಂತದ ಕಾನೂನು ಇದಕ್ಕಿಂತ ಸೂಕ್ಷ್ಮವಾದುದು. ಬೇಟೆಯು ಬೇರೆ ನೆಲದಲ್ಲಿ ಮೊದಲಾಗಿ, ನಾಯಿಯು ನಿಷೇಧವಿರುವ ನೆಲಕ್ಕೆ ನುಗ್ಗಿದರೆ, ಯಜಮಾನನು ಅದನ್ನು ಕರೆತರುವುದಕ್ಕಾಗಿ ಅಲ್ಲಿಗೆ ಹೋಗಬಹುದು. ಆದರೆ ಕೈಯಲ್ಲಿ ಬಂದೂಕವಾಗಲಿ ಬಿಲ್ಲುಬಾಣವಾಗಲಿ ಇರಕೂಡದು, ಅಲ್ಲಿ ಬೇಟೆಯಾಡಕೂಡದು, ಭೂಮಿಯ ಒಡೆಯನು ಒಪ್ಪದೆ ಗಾಡಿಯನ್ನು ಒಳಗೆ ಓಡಿಸಕೂಡದು, ನೀನಾರೆಂದು ಒಡೆಯನು ಕೇಳಿದರೆ ಹೆಸರು ಹೇಳಲೇಬೇಕು, ಬೇಕೆಂದು ಹೇಳದಿದ್ದರೆ ಅದೇ ಅಪರಾಧ. ನರಿಯನ್ನೂ ರಕೂನನ್ನೂ ಬೇಟೆಯಾಡುವವರಿಗೆ ಇನ್ನೂ ಸ್ವಲ್ಪ ಸಡಿಲವುಂಟು. ಅವರು ನಾಯಿಗಳ ಬೆನ್ನುಹತ್ತಿ ಹೋಗಬಹುದು.

ಇದರ ಹಿಂದಿರುವ ವಿವೇಕವನ್ನು ತಾವು ಗಮನಿಸಬೇಕು. ನಾಯಿ ಬೇಲಿ ದಾಟಿದುದು ಅಚಾತುರ್ಯ. ಬಂದೂಕ ದಾಟಿದರೆ ಅದು ಉದ್ದೇಶ. ನಮ್ಮಲ್ಲಿಯೂ ಒಬ್ಬನ ದನ ಇನ್ನೊಬ್ಬನ ಪೈರಿಗೆ ಬಿದ್ದರೆ, ಅದನ್ನು ಹೊಡೆದು ಕೊಲ್ಲುವ ಅಧಿಕಾರ ಯಾರಿಗೂ ಇಲ್ಲ. ದೊಡ್ಡಿಗೆ ಹೊಡೆಯಬಹುದು, ಒಡೆಯನು ದಂಡ ತೆತ್ತು ಬಿಡಿಸಿಕೊಳ್ಳುವನು. 1871ರ ಶಾಸನವು ಈ ನಡೆವಳಿಕೆಗೇ ಕಟ್ಟು ಹಾಕಿತು. ಆದರೂ ವರ್ಜೀನಿಯಾದ ಭೂಮಾಲೀಕರಿಗೆ ಒಂದು ಮಾತು ನುಂಗಲಾರದು. ತಾವು ಬೇಡವೆಂದರೂ ಅಪರಿಚಿತನು ತಮ್ಮ ನೆಲವನ್ನು ತುಳಿಯಬಹುದಾದರೆ, ನೆಲ ಯಾರದು? ನಾಯಿ ತಪ್ಪಿಸಿಕೊಂಡಿತೆಂಬ ನೆಪದಿಂದ ಬೇಕೆಂದೇ ಗಡಿಯ ಬಳಿ ನಾಯಿ ಬಿಡುವವರಿದ್ದಾರೆಂಬುದು ಅವರ ದೂರು. ಅದು ಸುಳ್ಳೆಂದು ಹೇಳುವಂತಿಲ್ಲ. 2008ರ ಸುಮಾರಿಗೆ ಪ್ರಾಂತದ ಬೇಟೆ ಇಲಾಖೆಯವರು ವಿಶ್ವವಿದ್ಯಾಲಯದ ವಿದ್ವಾಂಸರ ನೆರವಿನಿಂದ ಎಲ್ಲ ಪಕ್ಷದವರನ್ನೂ ಕೂಡಿಸಿ ದೀರ್ಘವಾದ ವಿಚಾರಣೆಯನ್ನೇ ನಡೆಯಿಸಿದರು. ವ್ಯಾಜ್ಯವು ಅದರಿಂದ ಮುಗಿಯಲಿಲ್ಲ. ಆದರೆ ಒಬ್ಬರ ಮಾತನ್ನು ಇನ್ನೊಬ್ಬರು ಎದುರೆದುರು ಕುಳಿತು ಕೇಳಿದರು.

ಹಾಗೆ ಕೇಳಿದರೆ ಕೆಲವು ಭ್ರಮೆಗಳು ಹರಿಯುತ್ತವೆ. ನಾಯಿ ಅಟ್ಟಿದ ಜಿಂಕೆಯು ಸೀಮೆಯನ್ನೇ ಬಿಟ್ಟು ಹೋಗುತ್ತದೆಂದು ಹೊಂಚುಬೇಟೆಗಾರರು ನಂಬುವರು. ಜಿಂಕೆಗಳಿಗೆ ರೇಡಿಯೋ ಕಟ್ಟಿ ಪರೀಕ್ಷಿಸಿ 1971ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಅಟ್ಟಲ್ಪಟ್ಟ ಜಿಂಕೆಗಳಲ್ಲಿ ಬಹುಪಾಲು ಒಂದು ದಿನದೊಳಗಾಗಿ ತಮ್ಮ ನೆಲೆಗೆ ಹಿಂದಿರುಗಿದುವೆಂದು ಕಂಡುಬಂದಿತು. ಹಾಳಾದುದು ಆ ಮುಂಜಾನೆಯೇ ಹೊರತು ಇಡೀ ಋತುವಲ್ಲ. ಹಾಗಿದ್ದರೆ ಮುಂಜಾನೆಗಳನ್ನು ಹಂಚಿಕೊಳ್ಳುವುದೇ ಉಪಾಯವಲ್ಲವೆ? ಇಂತಹ ದಿನಗಳಲ್ಲಿ ನಾಯಿ ಬಿಡುವೆವು, ಇಂತಹ ದಿನಗಳಲ್ಲಿ ಬಿಡೆವು ಎಂದು ಋತುವಿಗೆ ಮುಂಚೆ ಹೋಗಿ ಹೇಳಿಬಂದರೆ, ನೆರೆಯವನು ತನ್ನ ಅಟ್ಟಣೆಯ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳುವನು. ಋತುವಿಗೆ ಮುಂಚೆ ಎಂಬುದೇ ಇಲ್ಲಿ ಮುಖ್ಯ. ನಾಯಿ ನುಗ್ಗಿದ ಮೇಲೆ ಹೇಳುವ ಅದೇ ಮಾತು ಕ್ಷಮಾಪಣೆಯಾಗುತ್ತದೆ, ಏರ್ಪಾಡಾಗುವುದಿಲ್ಲ.

ಇನ್ನು ನಾಯಿಯ ಆಯ್ಕೆ. ಚಿಕ್ಕ ಭೂಮಿಯುಳ್ಳವರು ಉದ್ದಕಾಲಿನ ವೇಗದ ನಾಯಿಗಳನ್ನು ಬಿಟ್ಟು ಬೀಗಲ್ ಎಂಬ ಗಿಡ್ಡಕಾಲಿನ ತಳಿಯನ್ನು ಸಾಕುತ್ತಾರೆ. ಇದು ನಿಧಾನವಾಗಿ ವಾಸನೆ ಹಿಡಿದು ಸಾಗುವುದರಿಂದ ಜಿಂಕೆಯು ಬೆದರಿ ಮೈಲಿಗಟ್ಟಲೆ ಓಡುವುದಿಲ್ಲ. ನಾಯಿಯನ್ನು ಗಡಿಯಲ್ಲಿ ಬಿಡದೆ ಭೂಮಿಯ ನಡುವೆ ಬಿಡುವುದು, ಗಡಿಯಲ್ಲಿ ಆಳುಗಳನ್ನು ನಿಲ್ಲಿಸಿ ಹಿಡಿಯುವುದು, ಇವೂ ಉಂಟು. ಇತ್ತೀಚಿನ ದೊಡ್ಡ ಅನುಕೂಲವೆಂದರೆ ಉಪಗ್ರಹಗಳ ಸಹಾಯದಿಂದ ನಾಯಿ ಇರುವೆಡೆಯನ್ನು ತೋರಿಸುವ ಕೊರಳಪಟ್ಟಿ. ಯಜಮಾನನು ಅಂಗೈಯಗಲದ ಯಂತ್ರದಲ್ಲಿ ನಾಯಿಯ ಜಾಡನ್ನು ನೋಡುತ್ತಿದ್ದು, ಗಡಿ ಹತ್ತಿರವಾದೊಡನೆ ಪಟ್ಟಿಯಲ್ಲಿ ಒಂದು ಸ್ವರವನ್ನು ಹೊರಡಿಸಬಹುದು. ಪಳಗಿದ ನಾಯಿ ಆ ಸ್ವರಕ್ಕೆ ಹಿಂದಿರುಗುವುದು. ಇದರಿಂದ ನಾಯಿಬೇಟೆಗಾರನ ಹಳೆಯ ಸಮಾಧಾನವೊಂದು ಕೈತಪ್ಪಿತು. ನಾಯಿ ಎಲ್ಲಿದೆಯೋ ನನಗೇನು ಗೊತ್ತು ಎಂದು ಅವನು ಇನ್ನು ಹೇಳುವಂತಿಲ್ಲ.

ಯಂತ್ರವಿಲ್ಲದ ಕಾಲದ ಉಪಾಯವೊಂದಿದೆ; ಇಂದಿಗೂ ಅದು ಪೂರ್ತಿ ಬಿಟ್ಟುಹೋಗಿಲ್ಲ. ಕತ್ತಲಾದರೂ ನಾಯಿ ಬಾರದಿದ್ದರೆ ಯಜಮಾನನು ಅದನ್ನು ಬಿಟ್ಟ ಜಾಗದಲ್ಲಿಯೇ ತನ್ನ ಮೇಲಂಗಿಯನ್ನು ನೆಲದ ಮೇಲೆ ಹಾಸಿ ಮನೆಗೆ ಹೋಗುತ್ತಾನೆ. ದಣಿದ ನಾಯಿಯು ರಾತ್ರಿ ಯಾವಾಗಲೋ ವಾಸನೆ ಹಿಡಿದು ಹಿಂದಿರುಗಿ ಅದರ ಮೇಲೆ ಮುದುಡಿ ಮಲಗಿರುತ್ತದೆ. ಬೆಳಗಿನ ಜಾವದಲ್ಲಿ ತನ್ನ ಅಟ್ಟಣೆಗೆ ಹೋಗುವ ನೆರೆಯವನು ಅದನ್ನು ಕಂಡರೆ, ಎಬ್ಬಿಸದೆ ಬಳಸಿಕೊಂಡು ಹೋಗುತ್ತಾನೆ.