ಭಾರತದಲ್ಲೂ ಇತ್ತು ಕೊಂಬಿನ ಡೈನೋಸಾರ್! ರಾಜಾಸಾರಸ್ ತಲೆಯ ಮೇಲಿನ ಆ ಉಬ್ಬು ಯಾತಕ್ಕೆ?

ಮುಂಬೈ: ಕೊಂಬಿನ ಡೈನೋಸಾರ್ ಅಂದಕೂಡಲೇ ಎಲ್ಲರ ಕಣ್ಮುಂದೆ ಬರುವುದು ಟ್ರೈಸೆರಾಟಾಪ್ಸ್. 'ಜುರಾಸಿಕ್ ಪಾರ್ಕ್' ಸಿನಿಮಾದಲ್ಲಿ ಕಾಯಿಲೆ ಬಿದ್ದು ಮಲಗಿರುತ್ತದಲ್ಲ, ಅದೇ. ಆದರೆ ಅದು ಉತ್ತರ ಅಮೆರಿಕದ ಪ್ರಾಣಿ. ಅದೇ ಕಾಲದಲ್ಲಿ ನಮ್ಮ ನೆಲದಲ್ಲೂ ತಲೆಯ ಮೇಲೆ ಕೊಂಬು ಹೊತ್ತ ಡೈನೋಸಾರ್ ಒಂದು ಓಡಾಡಿಕೊಂಡಿತ್ತು. ಅದರ ಹೆಸರು ರಾಜಾಸಾರಸ್ ನರ್ಮದೆನ್ಸಿಸ್. ಟ್ರೈಸೆರಾಟಾಪ್ಸ್ ಸೊಪ್ಪು ತಿಂದು ಬದುಕಿದರೆ, ಇದು ಅಪ್ಪಟ ಮಾಂಸಾಹಾರಿ.

ರಾಜಾಸಾರಸ್ ಮೂಳೆಗಳು ಸಿಕ್ಕಿದ್ದು ಗುಜರಾತಿನ ಬಾಲಾಸಿನೋರ್ ಬಳಿಯ ರಹಿಯೋಲಿಯಲ್ಲಿ. 1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಅವನ್ನು ಅಗೆದು ತೆಗೆದರು. ಮೂಳೆಗಳಿಗೆ ಹೆಸರು ಸಿಗಲು ಮಾತ್ರ 2003ರವರೆಗೆ ಕಾಯಬೇಕಾಯಿತು. ಸುರೇಶ್ ಶ್ರೀವಾಸ್ತವ, ಅಶೋಕ್ ಸಾಹ್ನಿ ಸೇರಿದಂತೆ ಭಾರತದ ತಜ್ಞರು ಮತ್ತು ಅಮೆರಿಕದ ಜೆಫ್ರಿ ವಿಲ್ಸನ್, ಪಾಲ್ ಸೆರೆನೊ ಒಟ್ಟಿಗೆ ಕುಳಿತು ಬಿಡಿ ಬಿಡಿ ಮೂಳೆಗಳನ್ನು ಹೊಂದಿಸಿದಾಗ, ಇದು ಹೊಸ ಪ್ರಾಣಿ ಎಂಬುದು ಖಚಿತವಾಯಿತು.

ಕೊಂಬು ಹೇಗಿತ್ತು?

ಎಮ್ಮೆಯ ಕೊಂಬನ್ನು ಕಲ್ಪಿಸಿಕೊಂಡರೆ ನಿರಾಸೆಯಾಗುತ್ತದೆ. ರಾಜಾಸಾರಸ್‌ನದ್ದು ಹಣೆಯ ನಡುವೆ ಇದ್ದ, ಎತ್ತರವಿಲ್ಲದ, ಮೊಂಡಾದ ಒಂದೇ ಒಂದು ಉಬ್ಬು. ಮೂಗಿನ ಮೂಳೆ ಮತ್ತು ಹಣೆಯ ಮೂಳೆ ಸೇರುವ ಜಾಗದಲ್ಲಿ ಅದು ಎದ್ದು ನಿಂತಿತ್ತು. ಆದರೆ ಪಳೆಯುಳಿಕೆಯಲ್ಲಿ ನಮಗೆ ಸಿಗುವುದು ಒಳಗಿನ ಮೂಳೆ ಮಾತ್ರ ಎಂಬುದು ನೆನಪಿರಲಿ. ಹಸುವಿನ ಕೊಂಬಿನಲ್ಲೂ ಒಳಗೆ ಮೂಳೆ, ಹೊರಗೆ ಉಗುರಿನಂಥದೇ ವಸ್ತುವಾದ ಕೆರಾಟಿನ್ ಕವಚ ಇರುತ್ತದೆ. ಆ ಕವಚ ಸಾಮಾನ್ಯವಾಗಿ ಕಲ್ಲಾಗಿ ಉಳಿಯುವುದಿಲ್ಲ. ಹಾಗಾಗಿ ಬದುಕಿದ್ದಾಗ ಆ ಉಬ್ಬಿನ ಬಣ್ಣ ಯಾವುದಿತ್ತು, ನಿಜವಾದ ಎತ್ತರ ಎಷ್ಟಿತ್ತು ಎಂಬುದನ್ನು ಮೂಳೆ ಹೇಳುವುದಿಲ್ಲ. ಚಿತ್ರಗಳಲ್ಲಿ ಕಾಣುವ ಕೆಂಪು, ನೀಲಿಯೆಲ್ಲ ಕಲಾವಿದರ ಕೈಚಳಕ.

ವಿಜ್ಞಾನಿಗಳೇ ಯಾಮಾರಿದ ಕಥೆ

ರಾಜಾಸಾರಸ್‌ಗೆ ಮಡಗಾಸ್ಕರ್‌ನಲ್ಲಿ ಹತ್ತಿರದ ಸಂಬಂಧಿಯೊಂದಿದೆ, ಮಜುಂಗಾಸಾರಸ್. ಭಾರತ ಮತ್ತು ಮಡಗಾಸ್ಕರ್ ಒಂದು ಕಾಲಕ್ಕೆ ಅಂಟಿಕೊಂಡಿದ್ದ ಭೂಭಾಗಗಳಾದ್ದರಿಂದ ಈ ನೆಂಟಸ್ತಿಕೆ ಅಚ್ಚರಿಯದೇನಲ್ಲ. ಅದರ ತಲೆಯ ಉಬ್ಬಿನ ತುಂಡೊಂದನ್ನು ನೋಡಿದ ತಜ್ಞರು 1979ರಲ್ಲಿ, ಇದು ದಪ್ಪ ಬುರುಡೆಯಿಂದ ಗುದ್ದಾಡುವ ಸಸ್ಯಾಹಾರಿ ಡೈನೋಸಾರ್ ಎಂದುಕೊಂಡು ಮಜುಂಗಾಥೋಲಸ್ ಎಂಬ ಹೆಸರನ್ನೇ ಕೊಟ್ಟುಬಿಟ್ಟಿದ್ದರು! 1990ರ ದಶಕದಲ್ಲಿ ಇನ್ನಷ್ಟು ಪೂರ್ಣವಾದ ತಲೆಬುರುಡೆ ಸಿಕ್ಕಿತು. ಆಗ ಗೊತ್ತಾಯಿತು, ಉಬ್ಬಿನ ಕೆಳಗೆ ಇದ್ದದ್ದು ಮಾಂಸ ಹರಿಯುವ ಹಲ್ಲುಗಳು. ಒಂದು ಕೊಂಬಿನ ತುಂಡನ್ನು ನಂಬಿ ಇಡೀ ಪ್ರಾಣಿಯನ್ನು ಊಹಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಜಗಳಕ್ಕೋ, ಜಂಬಕ್ಕೋ?

ಟ್ರೈಸೆರಾಟಾಪ್ಸ್ ವಿಚಾರದಲ್ಲಿ ಉತ್ತರ ಸ್ವಲ್ಪ ಸುಲಭ. ಕಣ್ಣಿನ ಮೇಲಿನ ಅದರ ಕೊಂಬುಗಳು ಹತ್ತಿರ ಹತ್ತಿರ ಒಂದು ಮೀಟರ್ ಉದ್ದ ಇರುತ್ತಿದ್ದವು. ಕತ್ತಿನ ಹಿಂದಕ್ಕೆ ಬೀಸಣಿಗೆಯಂತೆ ಹರಡಿದ ಮೂಳೆಯ ಮೇಲೆ ಗಾಯದ ಗುರುತುಗಳಿವೆ. 2009ರಲ್ಲಿ ಆಂಡ್ರ್ಯೂ ಫಾರ್ಕ್ ಮತ್ತು ಸಂಗಡಿಗರು ಈ ಗುರುತುಗಳನ್ನು ಎಣಿಸಿ, ಒಂದಕ್ಕೊಂದು ಕೊಂಬು ಸಿಕ್ಕಿಸಿಕೊಂಡು ಕಾದಾಡಿದ್ದರಿಂದಲೇ ಇವು ಆಗಿರಬೇಕು ಎಂದರು. ಮರಿಗಳಲ್ಲಿ ಮೋಟಾಗಿದ್ದ ಕೊಂಬು ಬೆಳೆಯುತ್ತಾ ಮೊದಲು ಹಿಂದಕ್ಕೆ, ದೊಡ್ಡದಾದ ಮೇಲೆ ಮುಂದಕ್ಕೆ ಬಾಗುತ್ತಿತ್ತು. ಅಂದರೆ ಯಾರು ಮರಿ, ಯಾರು ಹಿರಿಯ ಎಂಬುದು ದೂರದಿಂದಲೇ ತಿಳಿಯುತ್ತಿತ್ತು.

ರಾಜಾಸಾರಸ್‌ನ ಮೊಂಡು ಉಬ್ಬು ಬೇಟೆಯನ್ನು ತಿವಿಯಲು ಬರುವಂಥದ್ದಲ್ಲ. ಆ ಕೆಲಸಕ್ಕೆ ಹಲ್ಲುಗಳೇ ಸಾಕಿತ್ತು. ತನ್ನ ಜಾತಿಯವರನ್ನು ಗುರುತಿಸಲು, ಸಂಗಾತಿಯ ಗಮನ ಸೆಳೆಯಲು ಅಥವಾ ಎದುರಾಳಿಯನ್ನು ತಲೆಯಿಂದ ತಳ್ಳಿ ಬಲ ನೋಡಲು ಅದು ನೆರವಾಗುತ್ತಿತ್ತು ಎಂಬುದು ತಜ್ಞರ ಊಹೆ. ಗಾಯದ ಗುರುತುಗಳಂಥ ನೇರ ಸಾಕ್ಷಿ ಇಲ್ಲದ ಕಾರಣ ಊಹೆ ಎಂಬ ಪದವನ್ನೇ ಬಳಸುವುದು ಒಳ್ಳೆಯದು.

ಮುಂಬೈನ 'ವಿಲಿಯಂ' ಹೇಳುವ ಸುಳಿವು

ಇಂಥ ಊಹೆಗೆ ಆಧಾರ ಕೊಡುವುದು ಇಂದಿನ ಹಕ್ಕಿಗಳು. ಹಕ್ಕಿಗಳು ಮಾಂಸಾಹಾರಿ ಡೈನೋಸಾರ್‌ಗಳ ವಂಶದವೇ ತಾನೆ! ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನ ನೋಡಿ, ಅದರಲ್ಲಿರುವುದು ದೊಡ್ಡ ಹಾರ್ನ್‌ಬಿಲ್. ದಾಂಡೇಲಿ ಕಾಡಿಗೆ ಹೋದವರಿಗೆ ಪರಿಚಯವಿರುವ ನಮ್ಮ ಮಂಗಟ್ಟೆ. ವಿಲಿಯಂ ಎಂಬ ಹೆಸರಿನ ಹಾರ್ನ್‌ಬಿಲ್ 1894ರಿಂದ 1920ರವರೆಗೆ ಸೊಸೈಟಿಯ ಕಚೇರಿಯಲ್ಲೇ ಬದುಕಿತ್ತು. ಸೊಸೈಟಿಯ ಈಗಿನ ಕಟ್ಟಡದ ಹೆಸರೂ ಹಾರ್ನ್‌ಬಿಲ್ ಹೌಸ್.

ಈ ಹಕ್ಕಿಯ ಕೊಕ್ಕಿನ ಮೇಲೆ ಹಳದಿ ಟೊಪ್ಪಿಗೆಯಂಥ ಕೊಂಬಿದೆ. ನೋಡಲು ಭಾರ ಅನ್ನಿಸಿದರೂ ಒಳಗೆ ಬಹುಪಾಲು ಟೊಳ್ಳು. ಗಂಡಿನ ಟೊಪ್ಪಿಗೆಯ ಮೇಲೆ ಕಪ್ಪು ಗುರುತುಗಳಿರುತ್ತವೆ, ಹೆಣ್ಣಿಗೆ ಇರುವುದಿಲ್ಲ. ಹಾಗೆಂದು ಬರೀ ಅಲಂಕಾರ ಅನ್ನುವಂತಿಲ್ಲ. ಆಗಸದಲ್ಲಿ ಹಾರುತ್ತಲೇ ಎರಡು ಹಾರ್ನ್‌ಬಿಲ್‌ಗಳು ಟೊಪ್ಪಿಗೆಗೆ ಟೊಪ್ಪಿಗೆ ಡಿಕ್ಕಿ ಹೊಡೆಯುವುದನ್ನು ಆನೆಮಲೆ ಕಾಡಿನಲ್ಲಿ ದಾಖಲಿಸಲಾಗಿದೆ. ಒಂದೇ ಅಂಗ ಗುರುತಿಗೂ ಆಯಿತು, ಜಗಳಕ್ಕೂ ಆಯಿತು. ಮಜುಂಗಾಸಾರಸ್‌ನ ಮೂಗಿನ ಮೂಳೆಯೂ ಒಳಗೆ ಟೊಳ್ಳಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಮುಂಬೈನಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ?

ಅಂಧೇರಿಯ ಗಿಲ್ಬರ್ಟ್ ಹಿಲ್ ಬಗ್ಗೆ 'ಡೈನೋಸಾರ್ ಕಾಲದ ಬಂಡೆ' ಎಂಬ ಮಾತು ಆಗಾಗ ಹರಿದಾಡುತ್ತದೆ. ಸುಮಾರು 200 ಅಡಿ ಎತ್ತರದ ಈ ಬಸಾಲ್ಟ್ ಕಂಬ ದಖನ್ ಲಾವಾ ಯುಗದ್ದೇ ನಿಜ. ಆದರೆ ಮುಂಬೈನ ಬಂಡೆಗಳು ಆ ಯುಗದ ಕೊನೆಯ ಕಂತಿನವು. ಡೈನೋಸಾರ್‌ಗಳು ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಗಿಲ್ಬರ್ಟ್ ಹಿಲ್‌ನ ವಯಸ್ಸು 6 ಕೋಟಿಯ ಆಸುಪಾಸು. ರಾಜಾಸಾರಸ್ ಸಿಕ್ಕ ಲಮೇಟಾ ಪದರ ದಖನ್ ಲಾವಾದ ಅಡಿಯಲ್ಲಿರುವಂಥದ್ದು, ಅಂದರೆ ಇದಕ್ಕಿಂತ ಹಳೆಯದು.

ಹಾಗಾದರೆ ಮುಂಬೈನಲ್ಲಿ ಸಿಕ್ಕಿದ್ದೇನು? ವರ್ಲಿಯಲ್ಲಿ ಲಾವಾ ಪದರಗಳ ನಡುವಿನ ಕೆಸರುಗಲ್ಲಿನಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆ, ಅಂಬೋಲಿಯ ಕಲ್ಲುಕ್ವಾರಿಯಲ್ಲಿ ಆಮೆ. ವರ್ಲಿಯ ಕಪ್ಪೆಗೆ 1847ರಲ್ಲಿ ಹೆಸರಿಟ್ಟವರು ರಿಚರ್ಡ್ ಓವನ್. ಅದಕ್ಕೂ ಐದು ವರ್ಷ ಮೊದಲು, 1842ರಲ್ಲಿ, 'ಡೈನೋಸಾರ್' ಎಂಬ ಪದವನ್ನು ಜಗತ್ತಿಗೆ ಕೊಟ್ಟವರೂ ಅವರೇ. ಈಗ ವರ್ಲಿ, ಅಂಬೋಲಿ ಎರಡೂ ಕಡೆ ಕಟ್ಟಡಗಳು ತುಂಬಿಕೊಂಡಿದ್ದು, ಕೆಸರುಗಲ್ಲು ಕಣ್ಣಿಗೆ ಬೀಳುವುದೇ ಅಪರೂಪ. ರಾಜಾಸಾರಸ್‌ನ ಊರನ್ನೇ ನೋಡಬೇಕೆಂದರೆ ರಹಿಯೋಲಿಗೇ ಹೋಗಬೇಕು. ಅಲ್ಲಿನ ಪಳೆಯುಳಿಕೆ ಉದ್ಯಾನದಲ್ಲಿ 2019ರಿಂದ ಡೈನೋಸಾರ್ ಮ್ಯೂಸಿಯಂ ಇದೆ.