ಚಳಿಗಾಲದಲ್ಲಿ ಹಿತ್ತಲ ಕೋಳಿಗಳ ಸಂರಕ್ಷಣೆ

ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹೋಬಳಿಯಲ್ಲಿ ರಾಗಿಯ ಕೊಯ್ಲು ಮುಗಿದು ಕಣದ ಕೆಲಸವು ನಡೆಯುವ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಹಿತ್ತಲ ಕೋಳಿಗಳ ಮರಿಗಳು ಸಾಯುವುದುಂಟು. ಸಂಜೆ ತಾಯಿಯ ಹಿಂದೆ ಚುರುಕಾಗಿ ಓಡಾಡಿದ ಮರಿಗಳಲ್ಲಿ ಮೂರು ನಾಲ್ಕು ಬೆಳಗಾಗುವುದರೊಳಗೆ ಸೆಟೆದು ಬಿದ್ದಿರುವುವು. ಈ ವರ್ಷದ ಚಳಿ ಹೆಚ್ಚೆಂದು ಹೇಳಿ ಮನೆಯವರು ಸುಮ್ಮನಾಗುವರು. ಆದರೆ ಈ ನಷ್ಟಕ್ಕೆ ಚಳಿಯೊಂದೇ ಕಾರಣವಲ್ಲ. ಚಳಿಗೆ ಹೆದರಿ ಗೂಡನ್ನು ಗಾಳಿಯಾಡದಂತೆ ಮುಚ್ಚುವುದೂ, ನೆಲವನ್ನು ತೇವವಾಗಿ ಬಿಡುವುದೂ ಅನೇಕ ವೇಳೆ ಚಳಿಗಿಂತ ಹೆಚ್ಚಿನ ಕೇಡನ್ನುಂಟುಮಾಡುವುವು.

ಈ ನಷ್ಟವು ಅಲ್ಪವಾದುದೆಂದು ಎಣಿಸಲಾಗದು. ಹೇಟೆಯು ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ 21 ದಿವಸ ಕಾವು ಕೂರುವುದು. ಮರಿಗಳನ್ನು ಬೆಳೆಸುವುದರಲ್ಲಿ ಮತ್ತೆ ಆರೆಂಟು ವಾರಗಳು ಕಳೆಯುವುವು. ಈ ಅವಧಿಯಲ್ಲಿ ಅದು ಮೊಟ್ಟೆಯಿಡುವುದಿಲ್ಲ. ಮರಿಗಳು ಸತ್ತಲ್ಲಿ ಕಾವಿಗಿಟ್ಟ ಮೊಟ್ಟೆಗಳೂ, ಕೋಳಿಯ ಅಷ್ಟು ಕಾಲದ ಫಲವೂ ವ್ಯರ್ಥವಾದಂತೆಯೇ ಸರಿ. ಕೋಳಿಯ ಹಣವು ಸಾಮಾನ್ಯವಾಗಿ ಮನೆಯ ಹೆಂಗಸರ ಕೈಗೆ ಸೇರತಕ್ಕ ಹಣ. ಕೂಲಿಯಿಂದ ಜೀವಿಸುವ ಕುಟುಂಬದಲ್ಲಿ ಮಗುವಿನ ಔಷಧಿಗೂ ಶಾಲೆಯ ಖರ್ಚಿಗೂ ಒದಗುವುದು ಅದೇ. ಆದುದರಿಂದ ತಾವು ಸ್ವತಃ ಕೋಳಿ ಸಾಕದ ಮನೆತನಗಳ ಮುಖಂಡರೂ ಈ ವಿಷಯದಲ್ಲಿ ಗಮನವಿಡುವುದು ಯುಕ್ತವಾಗಿದೆ.

ಬೆಳೆದ ಕೋಳಿಯ ಮೈಶಾಖವು ಸುಮಾರು 41 ಡಿಗ್ರಿ ಸೆಲ್ಸಿಯಸ್. ಗರಿಗಳ ನಡುವೆ ನಿಲ್ಲುವ ಒಣ ಗಾಳಿಯೇ ಅದಕ್ಕೆ ಕಂಬಳಿ. ಹಿಮ ಸುರಿಯುವ ಕೆನಡಾ ದೇಶದಲ್ಲಿ ಸಹ ಕೋಳಿಗಳನ್ನು ಸಾಕುತ್ತಾರೆ. ಅಲ್ಲಿನ ಕ್ವಿಬೆಕ್ ಪ್ರಾಂತದ ಮಠವೊಂದರಲ್ಲಿ ಸಿದ್ಧಪಡಿಸಿ 1918ರಲ್ಲಿ ಪ್ರಕಟಿಸಿದ ಷಾಂಟೆಕ್ಲೇರ್ ಎಂಬ ತಳಿಗೆ, ಹಿಮದಿಂದ ಕೊಳೆಯದಿರಲೆಂದು ಜುಟ್ಟನ್ನು ಅತಿ ಚಿಕ್ಕದಾಗಿರುವಂತೆ ಬೆಳೆಸಿದರು. ಕಳ್ಳಂಬೆಳ್ಳ ಸೀಮೆಯಲ್ಲಿ ಪುಷ್ಯದ ರಾತ್ರಿಯ ಶಾಖವು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುವುದು. ಒಣಗಿದ ಮೈಯುಳ್ಳ ದೊಡ್ಡ ಕೋಳಿಗೆ ಇಷ್ಟು ಚಳಿಯಿಂದ ಅಪಾಯವಿಲ್ಲ. ಗರಿ ನೆನೆದರೆ ಮಾತ್ರ ಆ ಕಂಬಳಿಯು ನಿಷ್ಪ್ರಯೋಜಕವಾಗುವುದು. ಮರಿಗಳ ಸ್ಥಿತಿಯು ಬೇರೆ. ಮೊದಲ ಎರಡು ಮೂರು ವಾರಗಳಲ್ಲಿ ಅವು ತಮ್ಮ ಮೈಶಾಖವನ್ನು ತಾವೇ ಕಾಪಾಡಿಕೊಳ್ಳಲಾರವು.

ಗೂಡು: ಕೆರೆಯ ಕೆಳಗಿನ ತಗ್ಗಿನಲ್ಲಿ ರಾತ್ರಿಯ ತಣ್ಣನೆಯ ಗಾಳಿಯೂ ಇಬ್ಬನಿಯೂ ನಿಲ್ಲುವುದರಿಂದ ಗೂಡನ್ನು ದಿಣ್ಣೆಯ ಮೇಲೆ ಕಟ್ಟತಕ್ಕದ್ದು. ಈ ಕಾಲದಲ್ಲಿ ಗಾಳಿಯು ಹೆಚ್ಚಾಗಿ ಈಶಾನ್ಯದಿಂದ ಬೀಸುವುದು. ಆದುದರಿಂದ ಉತ್ತರ, ಪೂರ್ವದ ಕಡೆಗಳಿಗೆ ಗೋಡೆಯನ್ನಾಗಲಿ ತೆಂಗಿನ ಗರಿಯ ತಡಿಕೆಯನ್ನಾಗಲಿ ಒದಗಿಸಿ, ಬಾಗಿಲನ್ನು ದಕ್ಷಿಣಕ್ಕಿಡಬೇಕು. ಕೋಳಿಗಳು ಕೂರುವ ಮಟ್ಟದಲ್ಲಿ ಗಾಳಿ ನುಗ್ಗಕೂಡದು. ಆದರೆ ಸೂರಿನ ಕೆಳಗೆ ನಾಲ್ಕು ಬೆರಳಿನಷ್ಟು ಸಂದನ್ನು ಎಂದಿಗೂ ಮುಚ್ಚಕೂಡದು. ಕೋಳಿಗಳ ಉಸಿರಿನ ತೇವವೂ, ಹಿಕ್ಕೆಯಿಂದೇಳುವ ಘಾಟೂ ಅಲ್ಲಿಂದಲೇ ಹೊರಹೋಗತಕ್ಕವು. ಬೆಳಿಗ್ಗೆ ಬಾಗಿಲು ತೆರೆದಾಗ ಕಣ್ಣು ಉರಿದರೆ ಆ ಗೂಡಿಗೆ ಗಾಳಿ ಸಾಲದೆಂದೇ ತಿಳಿಯತಕ್ಕದ್ದು.

ನೆಲದ ಮೇಲೆ ಎರಡು ಮೂರು ಅಂಗುಲ ದಪ್ಪಕ್ಕೆ ಒಣಗಿದ ಕಡಲೆಕಾಯಿ ಸಿಪ್ಪೆಯನ್ನು ಹರಡಬೇಕು. ಅದನ್ನು ಆಗಾಗ್ಗೆ ಕೆದಕಿ, ತೇವವಾದ ಭಾಗವನ್ನು ತಿಪ್ಪೆಗೆ ಹಾಕಿ ಹೊಸದನ್ನು ತುಂಬಬೇಕು. ಬೂಷ್ಟು ಹಿಡಿದ ಸಿಪ್ಪೆಯು ಸರ್ವಥಾ ಕೂಡದು. ದೊಡ್ಡ ಕೋಳಿಗಳು ಕೂರಲು ಎರಡು ಅಂಗುಲ ಅಗಲದ ಪಟ್ಟಿಯನ್ನು ಕಟ್ಟಿದರೆ, ಅವು ಕಾಲುಬೆರಳುಗಳನ್ನು ಎದೆಯ ಗರಿಯಿಂದ ಮುಚ್ಚಿಕೊಂಡು ಬೆಚ್ಚಗಿರುವುವು.

ಮರಿಗಳ ಕಾವು: ತಾಯಿಯುಳ್ಳ ಮರಿಗಳಿಗೆ ತಾಯಿಯ ರೆಕ್ಕೆಯೇ ಸಾಕು, ತಾಯಿಮರಿಗಳನ್ನು ಒಣ ನೆಲದ ಮೇಲೆ ಬುಟ್ಟಿ ಕವುಚಿ, ಗಾಳಿಯ ಕಡೆಗೆ ಮಾತ್ರ ಗೋಣಿತಾಟನ್ನು ಹೊದಿಸಿದರಾಯಿತು. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ಮೊದಲಾದ ತಳಿಗಳ ಮರಿಗಳು ಯಂತ್ರದ ಕಾವಿನಿಂದ ಹುಟ್ಟಿ ತಾಯಿಯಿಲ್ಲದೆ ಬರುವುದರಿಂದ ಅವುಗಳಿಗೆ ಕೃತಕ ಕಾವು ಅತ್ಯಾವಶ್ಯಕ. ಮೊದಲನೆಯ ವಾರ 35 ಡಿಗ್ರಿ ಶಾಖವಿರಬೇಕು; ಅನಂತರ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಇಪ್ಪತ್ತೈದು ಮೂವತ್ತು ಮರಿಗಳಿಗೆ 60 ವ್ಯಾಟಿನ ತಂತಿಯ ಬಲ್ಬೊಂದು ಸಾಕಾಗುವುದು. ಈಗ ಮನೆಮನೆಯಲ್ಲಿರುವ ಎಲ್‌ಇಡಿ ದೀಪವು ಬೆಳಕನ್ನು ಕೊಡುವುದೇ ಹೊರತು ಮರಿಗಳಿಗೆ ಸಾಕಾಗುವಷ್ಟು ಶಾಖವನ್ನು ಕೊಡದು. ವಿದ್ಯುತ್ತು ನಿಂತಾಗ ಬಿಸಿನೀರು ತುಂಬಿದ ಪಾತ್ರೆಯ ಬಾಯನ್ನು ಭದ್ರವಾಗಿ ಮುಚ್ಚಿ, ಬಟ್ಟೆ ಸುತ್ತಿ ಮರಿಗಳ ನಡುವೆ ಇಡಬಹುದು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಕೆಂಡವನ್ನಿಡುವುದು ಮಾತ್ರ ಪ್ರಾಣಾಪಾಯಕರ. ಅದರಿಂದೇಳುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮರಿಗಳು ಮಾತ್ರವಲ್ಲದೆ ಅಲ್ಲಿ ಮಲಗಿದ ಮನುಷ್ಯರೂ ಸಾಯುವರು.

ಶಾಖವು ಸರಿಯಾಗಿದೆಯೇ ಎಂಬುದನ್ನು ಮರಿಗಳೇ ತಿಳಿಸುವುವು. ದೀಪದ ಕೆಳಗೆ ಒಂದರ ಮೇಲೊಂದು ಬಿದ್ದು ಕೂಗಿದರೆ ಚಳಿ. ದೂರ ಸರಿದು ಬಾಯಿ ಬಿಟ್ಟರೆ ಸೆಕೆ. ಎಲ್ಲೆಡೆಯೂ ಹರಡಿಕೊಂಡು ಮೇಯುತ್ತಿದ್ದರೆ ಶಾಖವು ಹಿತವಾಗಿದೆಯೆಂದರ್ಥ.

ಆಹಾರ: ಚಳಿಗಾಲದಲ್ಲಿ ಕೋಳಿಯು ಮೈ ಬೆಚ್ಚಗಿಡಲು ಹೆಚ್ಚು ಮೇವನ್ನು ಬಯಸುವುದು. ಸಂಜೆ ಗೂಡಿಗೆ ಸೇರಿಸುವ ಮುನ್ನ ಒಂದೊಂದು ಹಿಡಿ ರಾಗಿ, ಜೋಳ ಅಥವಾ ಮುಸುಕಿನ ಜೋಳದ ನುಚ್ಚನ್ನು ಹಾಕಿದರೆ ಅದು ರಾತ್ರಿಯೆಲ್ಲಾ ಜೀರ್ಣವಾಗುತ್ತಾ ಶಾಖ ಕೊಡುವುದು. ಮರಿಗಳಿಗೆ ಬೆಳಿಗ್ಗೆ ಉಗುರುಬೆಚ್ಚಗಿನ ನೀರನ್ನು, ಅವು ಒಳಗಿಳಿದು ನೆನೆಯದಂಥ ತಟ್ಟೆಯಲ್ಲಿಡಬೇಕು.

ಚಳಿಯಿಂದ ಸತ್ತವೆಂದು ಹೇಳುವ ಕೋಳಿಗಳಲ್ಲಿ ಕೆಲವು ಕೊಕ್ಕರೆ ರೋಗದಿಂದ ಸತ್ತಿರುವುದುಂಟು. ಹಸಿರು ಬೇಧಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚಿಕೊಳ್ಳುವುದು ಅದರ ಚಿಹ್ನೆಗಳು. ಈ ರೋಗಕ್ಕೆ ಔಷಧಿಯಿಲ್ಲ, ಲಸಿಕೆಯುಂಟು. ಮೊದಲನೆಯ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ತೊಟ್ಟು ಹಾಕಿಸಿ, ಅನಂತರದ ಲಸಿಕೆಗಳನ್ನು ಪಶುವೈದ್ಯರು ಹೇಳಿದಂತೆ ಕೊಡಿಸತಕ್ಕದ್ದು. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಒಂದು ಮನೆಯಲ್ಲಿ ಮಾತ್ರ ಲಸಿಕೆ ಹಾಕಿಸಿದರೆ ಗ್ರಾಮಕ್ಕೆ ರಕ್ಷಣೆಯಾಗದು. ಏಕೆಂದರೆ ಕೋಳಿಗಳು ಬೇಲಿಯನ್ನು ಲೆಕ್ಕಿಸುವುದಿಲ್ಲ. ಆದುದರಿಂದ ಗ್ರಾಮದ ಮುಖಂಡರು ಕಾರ್ತೀಕ ಮಾಸದಲ್ಲಿಯೇ ಪಶುವೈದ್ಯರೊಡನೆ ಒಂದು ದಿನವನ್ನು ಗೊತ್ತುಮಾಡಿ, ಎಲ್ಲಾ ಕೇರಿಗಳಿಗೂ ತಿಳಿಸಿ ಲಸಿಕೆ ಹಾಕಿಸುವುದು ಉಚಿತ. ಜಮೀನುದಾರರು ಕಡಲೆಕಾಯಿ ಸುಲಿದ ಮೇಲೆ ಉಳಿಯುವ ಸಿಪ್ಪೆಯಲ್ಲಿ ಒಂದೆರಡು ಮೂಟೆಗಳನ್ನು ಕೂಲಿಯವರ ಮನೆಗಳಿಗೆ ಕೊಟ್ಟರೆ, ಹೆಚ್ಚಿನ ವೆಚ್ಚವಿಲ್ಲದೆಯೇ ಅವರ ಮರಿಗಳು ಪುಷ್ಯದ ಚಳಿಯನ್ನು ದಾಟುವುವು.